ತಾಲಾಯ್ ಖಾನಾವಳಿಯ ಚಾರ್ಜಿಂಗ್ ಕಂಬ

ಸೆಪ್ಟೆಂಬರ್ ಅರ್ಧ ಕಳೆಯುವ ಹೊತ್ತಿಗೆ ಮೇಲಿನ ಹುಲ್ಲುಗಾವಲುಗಳಲ್ಲಿ ಬೆಳಗಿನ ಇಬ್ಬನಿ ಗಟ್ಟಿಯಾಗತೊಡಗುತ್ತದೆ. ಕುರಿಗಾಹಿಗಳು ಬೇಸಗೆಯ ಗುಡಾರಗಳನ್ನು ಕಳಚಿ ಹಿಂಡುಗಳ ಜೊತೆ ಕೆಳಗಿಳಿಯುತ್ತಾರೆ. ನಾರಿನ್ ಹೆದ್ದಾರಿಯ ಮೇಲೆ ಕುರಿಗಳ ಹಿಂದೆ ಲಾರಿಗಳು, ಲಾರಿಗಳ ಹಿಂದೆ ಕಾರುಗಳು ಆಮೆಯಂತೆ ತೆವಳುತ್ತವೆ. ಹೊಲಗಳಲ್ಲಿ ಆಲೂಗಡ್ಡೆ ಅಗೆಯುವವರು ಬೆನ್ನೆತ್ತಿ ಯಾರ ಹಿಂಡು ಬಂತೆಂದು ನೋಡಿ ಮತ್ತೆ ಬಗ್ಗುತ್ತಾರೆ.

ಠಾಣೆಗೂ ಅದು ಕುರಿಗಳ ಕಾಲವೇ. ಹದಿನಾಲ್ಕನೇ ತಾರೀಖು ಬೆಳಿಗ್ಗೆ ಕಾನ್‌ಸ್ಟೇಬಲ್ ಕೆನೆಶ್ ಅಂಗಳದಲ್ಲಿ ಒಂದು ಟಗರಿನ ಕೊಂಬು ಹಿಡಿದು ನಿಂತಿದ್ದ. ಎರಡೂ ಪಕ್ಕದಲ್ಲಿ ಇಬ್ಬರು ಕುರಿಗಾಹಿಗಳು.

"ಕಿವಿ ನೋಡಪ್ಪ, ನಮ್ಮನೆ ಗುರುತು."

"ಕಿವಿ ನಿಂದೇ ಇರಬಹುದು. ಮೈಮೇಲಿರೋ ಕೊಬ್ಬು ನನ್ನ ಹುಲ್ಲಿಂದು."

"ಹಂಗಾದ್ರೆ ಕಿವಿ ಅವನಿಗೆ ಕೊಡ್ತೀನಿ, ಕೊಬ್ಬು ನಿನಗೆ, ಮಿಕ್ಕಿದ್ದು ಠಾಣೆಗೆ," ಎಂದ ಕೆನೆಶ್.

ಅಷ್ಟರಲ್ಲಿ ಗೇಟು ತೆರೆದು ಒಬ್ಬ ಹೆಂಗಸು ಒಳಗೆ ಬಂದಳು. ಕಡುನೀಲಿ ನಿಲುವಂಗಿ, ಹಣೆಯವರೆಗೆ ಬಿಗಿದ ಕಪ್ಪು ವಸ್ತ್ರ, ಕೆನ್ನೆಗಳ ಮೇಲೆ ಶೋಕದಲ್ಲಿ ತಾನೇ ಎಳೆದುಕೊಂಡ ಉಗುರಿನ ಗೀರುಗಳು. ಕುರಿಗಾಹಿಗಳಿಬ್ಬರೂ ಟೋಪಿ ತೆಗೆದು ಹಿಂದೆ ಸರಿದರು. ಗಂಡನ ಹೆಣ ಇನ್ನೂ ಮಣ್ಣಿಗೆ ಹೋಗಿಲ್ಲದ ಹೆಂಗಸು ಶೋಕದ ಗುಡಾರದೊಳಗೆ ಗೋಡೆಗೆ ಮುಖ ಮಾಡಿ ಕೂತು ಅಳಬೇಕಾದವಳು. ಅಂಥವಳು ಹೊಸ್ತಿಲು ದಾಟಿ ಬೀದಿಗೆ ಬಂದದ್ದನ್ನು ಅವರು ಎಂದೂ ಕಂಡಿರಲಿಲ್ಲ. ಕೆನೆಶ್ ಟಗರನ್ನು ಬಿಟ್ಟುಬಿಟ್ಟ.

"ಎಜೆ, ಅಕ್ಕಾ, ನೀವು ಇಲ್ಲಿ?"

"ಮಧ್ಯಾಹ್ನದ ನಮಾಜಿನ ಮೇಲೆ ಮಣ್ಣು ಮಾಡ್ತಾರೆ. ಅದಕ್ಕೆ ಮುಂಚೆ ಬರಕೊಳ್ಳಿ," ಎಂದಳು ಆಕೆ.

ಕ್ಯಾಪ್ಟನ್ ತೊಲೊಮುಶ್ ಉಪ್ಪು ಹಾಕಿದ ಹಾಲುಚಹಾ ಕುಡಿಯುತ್ತಿದ್ದವನು ಬಟ್ಟಲನ್ನು ಕೆಳಗಿಟ್ಟು ಕುರ್ಚಿ ತೋರಿಸಿದ. ಆಕೆ ಕೂರಲಿಲ್ಲ.

"ಹೆಸರು?"

"ಬೂಸಾರಾ. ತಾಶ್‌ಕೊರೊದ ಸಾಗಿನ್‌ಬೇಕನ ಹೆಂಡ್ತಿ."

"ಮೊನ್ನೆ ಸಂಜೆ ಗುಡ್ಡದ ಮೇಲೆ ಸಿಡಿಲು ಹೊಡೀತು ಅಂತ ಕೇಳಿದೆ. ಅವನಿಗೂ ಕುದುರೆಗೂ."

"ಎಲ್ಲರೂ ಅದನ್ನೇ ಕೇಳಿದಾರೆ."

"ನೀವು?"

"ನಾನು ಜೀನು ನೋಡಿದೆ." ಆಕೆ ಉಸಿರು ತೆಗೆದುಕೊಂಡಳು. "ಸತ್ತ ಕುದುರೆ ಮೇಲಿಂದ ಜೀನು ತೆಗೆಯೋಕೆ ಹೊಟ್ಟೆಪಟ್ಟಿ ಚಾಕುವಲ್ಲಿ ಕೊಯ್ದು ತಂದಿದಾರೆ. ಕೊಯ್ಲಿ. ಆದ್ರೆ ಬಕಲ್ಲು ಬಿಚ್ಚಿಲ್ಲ. ಅದು ಸಡಿಲದ ತೂತಲ್ಲಿದೆ. ನನ್ನ ಗಂಡ ಕುದುರೆ ಇಳಿದು, ಅದನ್ನ ಎಲ್ಲಾದ್ರೂ ಕಟ್ಟೋಕೆ ಮುಂಚೆ ಮಾತ್ರ ಬಕಲ್ಲನ್ನ ಆ ತೂತಿಗೆ ಹಾಕೋದು. ಸವಾರಿ ಮಾಡ್ತಾ ಇರೋನು ಪಟ್ಟಿ ಸಡಿಲ ಬಿಡ್ತಾನಾ ಸಾಹೇಬ್ರೆ? ಆ ಬೋಳುಗುಡ್ಡದ ಮೇಲೆ ಕುದುರೆ ಕಟ್ಟೋಕೆ ಒಂದು ಕಡ್ಡಿನೂ ಇಲ್ಲ."

ತೊಲೊಮುಶ್ ಸ್ವತಃ ಕುದುರೆಗಳ ನಡುವೆ ಬೆಳೆದವನು. ಅವನು ಪೆನ್ನು ಕೈಗೆತ್ತಿಕೊಂಡ.

"ಹೆಣ ಮೊದಲು ನೋಡಿದ್ದು ಯಾರು?"

"ತಾಲಾಯ್. ಹೆದ್ದಾರಿ ಖಾನಾವಳಿಯವನು. ನನ್ನ ಗಂಡನ ಚಿಕ್ಕಪ್ಪನ ಮಗ. ಹಸು ಹುಡುಕ್ಕೊಂಡು ಹೋಗಿದ್ನಂತೆ."

"ಅವನ ಮೇಲೆ ಅನುಮಾನವಾ?"

"ನಾನು ಯಾರ ಹೆಸರೂ ಹೇಳಲ್ಲ. ನನ್ನ ಗಂಡನ್ನ ಆಕಾಶ ಹೊಡೀತು ಅಂತಾರೆ. ಏನು ಪಾಪ ಮಾಡಿದ್ನೋ ಅಂತ ಗುಡಾರದ ಹಿಂದೆ ಹೆಂಗಸರು ಪಿಸುಗುಡ್ತಾರೆ. ನನಗೆ ಕೇಳಿಸ್ತದೆ. ಇವತ್ತು ಹಂಗೇ ಹೂತುಬಿಟ್ರೆ ನನ್ನ ಮಕ್ಕಳು ಸಾಯೋ ತನಕ ಆ ಮಾತು ಹೊತ್ಕೊಂಡು ತಿರುಗಬೇಕು."

ಹತ್ತೂವರೆಗೆ ಅಸ್ವಾಭಾವಿಕ ಸಾವೆಂದು ಎಫ್‌ಐಆರ್ ದಾಖಲಾಯಿತು. ಬೂಸಾರಾ ಹೆಬ್ಬೆರಳು ಒತ್ತಲಿಲ್ಲ, ಸಹಿ ಹಾಕಿದಳು.

ತಾಶ್‌ಕೊರೊದಲ್ಲಿ ಮನೆಯ ಮುಂದೆ ಬಿಳಿ ಉಣ್ಣೆಯ ಗುಡಾರ ಎದ್ದಿತ್ತು. ಗಂಡಸರು ಸೊಂಟಕ್ಕೆ ವಸ್ತ್ರ ಬಿಗಿದು, ಕೋಲಿನ ಮೇಲೆ ಬಾಗಿ, ಬಂದವರನ್ನು ಕಂಡೊಡನೆ ಗಟ್ಟಿಯಾಗಿ ಅಳುತ್ತಿದ್ದರು. ಜೀಪು ಕಂಡಾಗಲೂ ಅಳು ಎದ್ದಿತು. ಜೀಪಿನಿಂದ ಬೂಸಾರಾ ಇಳಿದಾಗ ನಿಂತುಹೋಯಿತು.

ಊರಿನ ಹಿರಿಯ, ಅಕ್ಸಕಾಲ್ ಒಸ್ಮೊನಾಲಿ ಕೋಲೂರಿಕೊಂಡು ಮುಂದೆ ಬಂದ. ಎಂಬತ್ತರ ಹತ್ತಿರದ ಮುದುಕ, ಮಾತು ಮಾತ್ರ ಹರೆಯದ್ದು.

"ಹೆಣ ತಣ್ಣಗಾಗಿದೆ ಕ್ಯಾಪ್ಟನ್. ನೀನ್ಯಾಕೆ ಬಿಸಿಯಾಗ್ತೀಯಾ?"

"ಒಂದು ಸಲ ನೋಡ್ಬೇಕು, ಅಕ್ಸಕಾಲ್."

"ತೊಳೆದಿದೀವಿ, ಬಿಳಿ ಬಟ್ಟೆ ಸುತ್ತಿದೀವಿ. ಸುತ್ತಿದ ಬಟ್ಟೆ ಬಿಚ್ಚೋಕೆ ನಿಂಗೆ ಯಾರು ಹೇಳಿದ್ದು? ಈ ಹೆಂಗಸಾ? ಗುಡಾರ ಬಿಟ್ಟು ಠಾಣೆಗೆ ಹೋದೋಳ ಮಾತು ಕೇಳ್ತೀಯಾ?"

"ಕಾನೂನು ಹೇಳಿದ್ದು. ನೀವೇ ಪಂಚರಾಗಿ ನಿಲ್ಲಿ. ನಿಮ್ಮ ಕಣ್ಣಿಗೆ ಬೀಳದ್ದು ನಾನೂ ಬರೆಯಲ್ಲ."

ಮುದುಕ ಸುತ್ತ ನಿಂತವರನ್ನು ನೋಡಿದ. ಇಲ್ಲವೆಂದರೆ ಪೊಲೀಸರು ತಾವಾಗಿ ಬಿಚ್ಚುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. "ಮುಖ ಮುಚ್ಚೇ ಇರ್ಲಿ," ಎಂದು ಹೇಳಿ ಒಳಗೆ ನಡೆದ.

ಪಂಚನಾಮೆಯಲ್ಲಿ ಕೆನೆಶ್ ಬರೆದದ್ದು ಇಷ್ಟು: ಬಲ ಅಂಗೈಗೆ ಅಡ್ಡಲಾಗಿ ಬೆರಳಿನ ಅಗಲದ ಸುಟ್ಟ ಗೆರೆ. ಎರಡೂ ಹಿಮ್ಮಡಿಗಳಲ್ಲಿ, ಬೂಟಿನ ಮೊಳೆಗಳಿರುವ ಜಾಗಕ್ಕೆ ಸರಿಯಾಗಿ, ಕಪ್ಪು ಚುಕ್ಕೆಗಳು. ತಲೆ, ಎದೆ, ಬೆನ್ನಿನ ಮೇಲೆ ಗಾಯವಿಲ್ಲ. ಕೂದಲು ಸುಟ್ಟಿಲ್ಲ.

"ತೊಳೆದೋರು ಇದನ್ನ ನೋಡಲಿಲ್ವಾ?" ತೊಲೊಮುಶ್ ಕೇಳಿದ.

"ನೋಡಿದ್ವಿ. ಸಿಡಿಲಿಗೆ ಇದೇ ದಾರಿ ಅಂತ ಇದೆಯಾ? ಎಲ್ಲಿಂದ ಬೇಕಾದ್ರೂ ಒಳಗೆ ಹೋಗ್ತದೆ," ಎಂದ ಒಸ್ಮೊನಾಲಿ. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

ಹೆಣವನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಲಾಯಿತು. ಮಣ್ಣು ಮಾಡುವುದು ಮರುದಿನಕ್ಕೆ ಹೋಯಿತು. ಅಳುವುದಕ್ಕೆ ಬಂದವರು ಚಹಾ ಕುಡಿದು, ಬೂಸಾರಾಳ ಕಡೆಗೆ ನೋಡದೆ, ಒಬ್ಬೊಬ್ಬರಾಗಿ ಮನೆಗೆ ಹೋದರು. ಬೂಸಾರಾ ಮತ್ತೆ ಗುಡಾರದೊಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಪಕ್ಕದಲ್ಲಿ ಯಾರೂ ಕೂರಲಿಲ್ಲ.

ಕುದುರೆ ಖಾನಾವಳಿಯ ಹಿಂದಿನ ಗುಡ್ಡದ ಮೇಲೆ ಬಿದ್ದಿತ್ತು. ಕೊಯ್ಯದೆ ಸತ್ತದ್ದನ್ನು ಯಾರೂ ತಿನ್ನುವುದಿಲ್ಲ, ಅದಕ್ಕೇ ಹಾಗೇ ಬಿಟ್ಟಿದ್ದರು. ಸುತ್ತಲಿನ ಹುಲ್ಲು ಎಲ್ಲೂ ಸುಟ್ಟಿರಲಿಲ್ಲ. ಕೆನೆಶ್ ಕೆಳಗಿನಿಂದ ಮೇಲಕ್ಕೆ ಸುಮ್ಮನೆ ನಡೆದು ಬಂದು ಟೋಪಿ ಹಿಂದೆ ಸರಿಸಿಕೊಂಡ.

"ಸಾಹೇಬ್ರೆ, ಈ ಕುದುರೆ ಸತ್ತ ಮೇಲೆ ಗುಡ್ಡ ಹತ್ತಿದೆ."

ಹುಲ್ಲು ಒಂದು ಬಾಗಿಲಿನಷ್ಟು ಅಗಲಕ್ಕೆ ಮೇಲ್ಮುಖವಾಗಿ ಮಲಗಿತ್ತು. ಎರಡು ಬದಿಯಲ್ಲೂ ಟ್ರಾಕ್ಟರ್ ಚಕ್ರದ ಹಲ್ಲುಗಳು. ಕುದುರೆಯ ಕುತ್ತಿಗೆಯ ಕೂದಲಲ್ಲಿ ನೀಲಿ ಜಲ್ಲಿಕಲ್ಲಿನ ಚೂರುಗಳು ಸಿಕ್ಕಿಕೊಂಡಿದ್ದವು. ಗುಡ್ಡದ ಮೇಲೆ ಕೆಂಪು ಮಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ. ನೀಲಿ ಜಲ್ಲಿ ಹಾಸಿದ್ದು ಒಂದೇ ಕಡೆ. ಅವರು ನಿಂತಲ್ಲಿಂದಲೇ ಅದು ಕಾಣುತ್ತಿತ್ತು.

ಹದಿನೈದರ ಬೆಳಿಗ್ಗೆ ಆಸ್ಪತ್ರೆಯಿಂದ ವರದಿ ಬಂತು: ವಿದ್ಯುತ್ ಆಘಾತ. ಒಂಬತ್ತು ಗಂಟೆಗೆ ಜೀಪು ಖಾನಾವಳಿಯ ಅಂಗಳದಲ್ಲಿ ನಿಂತಿತು. ಜೊತೆಗೆ ವಿದ್ಯುತ್ ಇಲಾಖೆಯ ಎಂಜಿನಿಯರ್ ದಾಮಿರಾ, ಪಂಚರಾಗಿ ಒಸ್ಮೊನಾಲಿ ಮತ್ತು ಊರಿನ ಇನ್ನೊಬ್ಬ.

ಒಳಗೆ ಹುರಿದ ಮಾಂಸದ ವಾಸನೆ. ತಾಲಾಯ್ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ನಲವತ್ತರ ಗಂಡಸು, ಮೂರು ದಿನದಿಂದ ಕ್ಷೌರ ಮಾಡಿರಲಿಲ್ಲ. ಅವನ ಹೆಂಡತಿ ಜಿಪಾರ್ ಬಾಗಿಲಲ್ಲೇ ನಿಂತಳು.

"ಬನ್ನಿ, ಚಹಾ ಕುಡೀರಿ."

"ಆಮೇಲೆ. ಈ ಕಂಬ ಯಾಕೆ ಆರಿದೆ?"

ಅಂಗಳದ ಅಂಚಿನಲ್ಲಿ ಆಳೆತ್ತರದ ಹಸಿರು ಬಣ್ಣದ ಕಬ್ಬಿಣದ ಪೆಟ್ಟಿಗೆ. ಪಕ್ಕದಲ್ಲಿ ಜೋತುಬಿದ್ದ ದಪ್ಪ ವೈರು. ಮೇಲೆ ಕಾರಿನ ಚಿತ್ರ. ಹೆದ್ದಾರಿಯಲ್ಲಿ ಈಗ ಎರಡಕ್ಕೊಂದು ಕಾರು ಬ್ಯಾಟರಿಯದು. ಎರಡು ಕಣಿವೆಗಳಲ್ಲಿ ಚಾರ್ಜ್ ಸಿಗುತ್ತಿದ್ದದ್ದು ಇಲ್ಲೊಂದೇ ಕಡೆ.

"ಕೆಟ್ಟಿದೆ."

"ಯಾವಾಗಿಂದ?"

"ಮೊನ್ನೆ ಮಳೆಯಿಂದ."

"ಇದನ್ನ ಹಾಕಿಸಿದ್ದು ಹೇಗೆ? ದುಡ್ಡು ಯಾರದು?"

"ಅರ್ಧ ಪಟ್ಟಣದ ನಿಧಿಯವರದು. ಹೆದ್ದಾರಿ ವ್ಯಾಪಾರದವರಿಗೆ ಕೊಡ್ತಾರೆ. ಮಿಕ್ಕರ್ಧ ನಾವು ಹಾಕ್ಬೇಕು."

"ನಿಮ್ಮರ್ಧ?"

ತಾಲಾಯ್ ನೆಲ ನೋಡಿದ. "ಸಾಗಿನ್‌ಬೇಕ್ ಬಾಯ್ಕೆ, ನಮ್ಮಣ್ಣ, ಒಂಬತ್ತು ಕುದುರೆ ಮಾರಿ ಕೊಟ್ರು."

"ಬರವಣಿಗೆ?"

"ಅಣ್ಣತಮ್ಮಂದಿರ ನಡುವೆ ಎಂಥಾ ಬರವಣಿಗೆ?" ಎಂದು ಒಸ್ಮೊನಾಲಿ ಬಾಯಿ ಹಾಕಿದ.

ಕೆನೆಶ್ ಕ್ಯಾಪ್ಟನ್ನನ ಕಿವಿಯ ಹತ್ತಿರ ಬಂದ. "ಒಂಬತ್ತು ಕುದುರೆ, ಸಾಹೇಬ್ರೆ. ಇಷ್ಟಕ್ಕೇ ಜೀವ ತೆಗೆದೋರು ಇದಾರೆ." ತೊಲೊಮುಶ್ ಕಂಬದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದ. ಪೆಟ್ಟಿಗೆಯ ಹಿಡಿಕೆಯ ಬಳಿ ಹಸಿರು ಬಣ್ಣ ಉಜ್ಜಿಹೋಗಿತ್ತು. ಅಲ್ಲಿ ಸತ್ತ ಕುದುರೆಯ ಬಣ್ಣದ್ದೇ ಎರಡು ಕಂದು ಕೂದಲೆಳೆ ಅಂಟಿಕೊಂಡಿದ್ದವು. ಜಲ್ಲಿಯ ಮೇಲೆ ಲಾಳ ಕೆರೆದ ಗುರುತು.

"ಈ ಜಾಗದಲ್ಲಿ ಮುಂಚೆ ಏನಿತ್ತು?"

ಉತ್ತರ ಬಾಗಿಲಿನ ಕಡೆಯಿಂದ ಬಂತು. "ಕುದುರೆ ಕಟ್ಟೋ ಮರದ ಗೂಟ," ಎಂದಳು ಜಿಪಾರ್. "ಮಾವನವರ ಕಾಲದ್ದು. ಅದನ್ನ ಕಿತ್ತೇ ಇದನ್ನ ನಿಲ್ಸಿದ್ದು."

"ಸುಮ್ನಿರೇ," ಎಂದ ತಾಲಾಯ್.

ದಾಮಿರಾ ಗೋಡೆಯ ಮೇಲಿನ ಸ್ವಿಚ್ಚುಪೆಟ್ಟಿಗೆ ತೆರೆದಳು. ಟಾರ್ಚು ಹಿಡಿದು ಬಹಳ ಹೊತ್ತು ನೋಡಿದಳು. ಎಲ್ಲರನ್ನೂ ಕಂಬದಿಂದ ದೂರ ನಿಲ್ಲಿಸಿ ಸ್ವಿಚ್ಚು ಎತ್ತಿದಳು. ಟಕ್ಕೆಂದು ಅದು ತಾನಾಗಿ ಕೆಳಗೆ ಬಿತ್ತು. ಮತ್ತೆ ಎತ್ತಿದಳು, ಮತ್ತೆ ಬಿತ್ತು.

"ಕರೆಂಟು ಎಲ್ಲೋ ನೆಲಕ್ಕೆ ಸೋರ್ತಿದೆ. ಸೋರಿದ್ರೆ ಲೈನು ಕಟ್ ಮಾಡೋದೇ ಈ ಸ್ವಿಚ್ಚಿನ ಕೆಲಸ, ಅದು ಸರಿಯಾಗೇ ಮಾಡ್ತಿದೆ," ಎಂದಳು. ತಾಲಾಯ್ ಕಡೆ ತಿರುಗಿ, "ಈ ಮಳೆಗಾಲದಲ್ಲಿ ಇಲ್ಲಿ ಕಾರುಗಳು ಚಾರ್ಜ್ ಆದ್ವಾ?"

"ಆದ್ವು."

"ಹೇಗೆ? ಇದು ನಿಲ್ತಾನೇ ಇಲ್ಲವಲ್ಲ?"

ದಾಮಿರಾ ಸ್ವಿಚ್ಚುಪೆಟ್ಟಿಗೆಯೊಳಗೆ ಟಾರ್ಚು ಬಿಟ್ಟಳು.

"ಸ್ಕ್ರೂ ತಲೆಗಳೆಲ್ಲ ಹೊಸದಾಗಿ ಗೀರಿವೆ. ಇಲ್ಲಿಂದ ಇಲ್ಲಿಗೆ ಒಂದು ತಂತಿ ಹಾಕಿ ಸ್ವಿಚ್ಚನ್ನೇ ಬೈಪಾಸ್ ಮಾಡಿದ್ರು. ಆಮೇಲೆ ಕಿತ್ತಿದಾರೆ. ತಂತಿಯ ಒಂದೆಳೆ ಒಳಗೇ ಉಳ್ಕೊಂಡಿದೆ, ನೋಡಿ." ಆಕೆ ಚಿಮಟದಲ್ಲಿ ತಾಮ್ರದ ಎಳೆಯನ್ನು ಎತ್ತಿ ಹಿಡಿದಳು. "ಸೋರ್ತಿರೋದು ನೆಲದೊಳಗೆ. ಕೇಬಲ್ಲು ತೆಗೀಬೇಕು. ಅಗೆಸಿ."

ಆಗ ತಾಲಾಯ್ ಅವಳ ದಾರಿಗೆ ಅಡ್ಡ ಬಂದ.

"ಅದನ್ನ ಅಗೀಬೇಡಿ. ನನ್ನ ಕರ್ಕೊಂಡು ಹೋಗಿ, ಏನು ಬೇಕಾದ್ರೂ ಬರಕೊಳ್ಳಿ. ಟ್ರೆಂಚು ಮಾತ್ರ ಬೇಡ."

"ಯಾಕೆ?"

"ಅದು ಅಶಾರ್‌ನಲ್ಲಿ ಆದ ಕೆಲಸ ಸಾಹೇಬ್ರೆ. ಊರಿಗೆ ಊರೇ ಬಂದು ಅಗೆದಿದ್ದು."

ಅಶಾರ್ ಎಂದರೆ ಕೂಲಿಯಿಲ್ಲದೆ ಊರವರೆಲ್ಲ ಸೇರಿ ಮಾಡಿಕೊಡುವ ಕೆಲಸ. ಮನೆಯವರು ಕುರಿ ಕೊಯ್ದು ಊಟ ಹಾಕುತ್ತಾರೆ. ಹಾಗೆ ಎದ್ದ ಗೋಡೆ ಸೊಟ್ಟಗಿದ್ದರೂ ಅದು ಸೊಟ್ಟಗಿದೆಯೆಂದು ಮನೆಯವರು ಹೇಳುವುದಿಲ್ಲ. ತೊಲೊಮುಶ್‌ನ ಅಪ್ಪನ ಮನೆಯ ಮಾಡು ಹಾಗೇ ಕಟ್ಟಿದ್ದು. ನಲವತ್ತು ವರ್ಷ ಒಂದೇ ಮೂಲೆಯಲ್ಲಿ ಸೋರಿತು, ಯಾರೂ ಮುಟ್ಟಲಿಲ್ಲ.

"ಅಗಿ," ಎಂದ ಅವನು ಕೆನೆಶ್‌ಗೆ.

ಕೆನೆಶ್ ಮತ್ತು ಇನ್ನೊಬ್ಬ ಪಂಚ ಗುದ್ದಲಿ ಹಿಡಿದರು. ರಸ್ತೆಯ ಕಡೆಯಿಂದ ಊರವರು ಒಬ್ಬೊಬ್ಬರಾಗಿ ಬಂದು ನಿಂತರು. ಮೊದಮೊದಲು ಕೇಬಲ್ಲು ಸೊಂಟದಷ್ಟು ಆಳದಲ್ಲಿತ್ತು. ಕಂಬದ ಹತ್ತಿರ ಬರುತ್ತ ನೆಲ ಕಲ್ಲಾಯಿತು, ಆಳ ಮೊಣಕಾಲಿಗೆ ಬಂತು, ಆಮೇಲೆ ಅದೂ ಇಲ್ಲ. ಅಲ್ಲಿ ಒಂದು ಚೂಪು ಬಂಡೆ ಕೇಬಲ್ಲಿನ ಮೇಲೆ ನೇರವಾಗಿ ಕೂತಿತ್ತು. ಮೇಲೆ ಲಾರಿಗಳು ತಿರುಗಿ ತಿರುಗಿ ಬಂಡೆಯನ್ನು ಒತ್ತಿದ್ದವು. ಕೇಬಲ್ಲಿನ ಕಬ್ಬಿಣದ ಹೊದಿಕೆ ಸೀಳಿ ತಾಮ್ರಕ್ಕೆ ತಾಗಿತ್ತು. ಗುಂಡಿಯಲ್ಲಿ ನೀರು ನಿಂತಿತ್ತು.

"ಇಲ್ಲಿ ಹೊಕ್ಕ ಕರೆಂಟು ಹೊದಿಕೆ ಹಿಡ್ಕೊಂಡು ಹೋಗಿ ಪೆಟ್ಟಿಗೆಗೆ ಏರಿದೆ," ಎಂದಳು ದಾಮಿರಾ. "ಅರ್ಥಿಂಗ್ ಸರಳನ್ನೂ ಈ ಕಲ್ಲಿನ ಮೇಲೇ ನಿಲ್ಸಿದಾರೆ, ಒಳಗೆ ಇಳಿದಿಲ್ಲ. ಮಳೆ ಬಂದಾಗ ಈ ಪೆಟ್ಟಿಗೆ ಮುಟ್ಟಿದೋರು ಉಳಿಯೋದು ಕಷ್ಟ. ಲಾಳ ಹೊಡೆದ ಕುದುರೆಗಂತೂ ಕ್ಷಣ ಸಾಕು."

ಒಸ್ಮೊನಾಲಿ ಗುಂಡಿಯ ಅಂಚಿಗೆ ಬಂದು ಕೋಲಿನಿಂದ ಬಂಡೆಯನ್ನು ತಟ್ಟಿದ.

"ಈ ಕಲ್ಲು ನನಗೆ ಗೊತ್ತು," ಎಂದ. "ಏಪ್ರಿಲ್‌ನಲ್ಲಿ ಹುಡುಗರು ಇದನ್ನ ಎತ್ತೋಕೆ ಹೋಗಿ ಬೆವರು ಸುರಿಸಿದ್ರು. ಸಾಗಿನ್‌ಬೇಕ್ ಇಲ್ಲೇ ನಿಂತಿದ್ದ. ಅವನದೇ ಯಜಮಾನಿಕೆ. ಸಾಕು ಬಿಡ್ರೋ, ಮಾಂಸ ಆರೋಗ್ತಿದೆ, ಕರೆಂಟೇನು ಕಲ್ಲು ಎಡವುತ್ತಾ ಅಂದ. ನಾವೆಲ್ಲ ನಕ್ಕಿದ್ವಿ. ನಾನೂ ನಕ್ಕಿದ್ದೆ."

ತಾಲಾಯ್ ಜಲ್ಲಿಯ ಮೇಲೆ ಕೂತುಬಿಟ್ಟ.

ಹೇಳಿಕೆಯನ್ನು ಖಾನಾವಳಿಯ ಮೂಲೆಯ ಮೇಜಿನಲ್ಲಿ ಬರೆದುಕೊಳ್ಳಲಾಯಿತು. ಜಿಪಾರ್ ಚಹಾ ಇಟ್ಟು ಹೋದಳು, ಯಾರೂ ಮುಟ್ಟಲಿಲ್ಲ.

"ಸ್ವಿಚ್ಚು ಬೈಪಾಸ್ ಮಾಡಿದ್ದು ಯಾವಾಗ?"

"ಆಗಸ್ಟ್ ಮಳೆ ಶುರುವಾದಾಗ. ದಿನಕ್ಕೆ ನಾಕು ಸಲ ಬೀಳೋದು. ಕಂಬ ನಡೀತಿದೆಯಾ ಅಂತ ನಿಧಿಯವರು ಪಟ್ಟಣದಲ್ಲೇ ಕೂತು ಕಂಪ್ಯೂಟರಲ್ಲಿ ನೋಡ್ತಾರೆ. ಒಂದು ತಿಂಗಳು ನಿಲ್ಲದೆ ನಡೆದ್ರೇನೇ ಅವರ ಅರ್ಧದ ಕೊನೇ ಕಂತು ಕೊಡೋದು. ಅದು ಬಂದ್ರೆ ಬಾಯ್ಕೆಗೆ ಮೊದಲು ಮೂರು ಕುದುರೆನಾದ್ರೂ ತಿರುಗಿಸೋಣ ಅಂತಿದ್ದೆ."

"ತೊಂದರೆ ಎಲ್ಲಿದೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಆ ಕಲ್ಲು ಬಿಟ್ಟಾಗಲೇ ನಂಗೆ ಅಳುಕಿತ್ತು."

"ಹಾಗಾದ್ರೆ ಅಗೆಸೋಕೆ ಏನಾಗಿತ್ತು? ಒಂದು ದಿನದ ಕೆಲಸ."

ತಾಲಾಯ್ ತನ್ನ ಕೈಗಳನ್ನು ನೋಡಿಕೊಂಡ. "ಹೇಳೋಣ ಅಂತ ಹುಲ್ಲುಗಾವಲಿಗೆ ಹೋಗಿದ್ದೆ ಸಾಹೇಬ್ರೆ. ಆಗಸ್ಟ್‌ನಲ್ಲೇ. ಬಾಯ್ಕೆ ದೂರದಿಂದಲೇ ನನ್ನ ಕಂಡು ಕುರಿಮರಿ ಕೊಯ್ದ್ರು. ತಾವೇ ಕುದುರೆ ಹಾಲಿನ ಕುಮಿಸ್ ಬಗ್ಗಿಸಿ ಕೊಟ್ರು. ಬಂದ ನೆಂಟರಿಗೆಲ್ಲ, ಇವನೇ ನೋಡಿ ನಮ್ಮ ಕಂಬದೋನು ಅಂದ್ರು. ಹೇಗಿದೆಯೋ ನಮ್ಮ ಕಂಬ ಅಂತ ಕೇಳಿದ್ರು. ಚೆನ್ನಾಗಿದೆ ಬಾಯ್ಕೆ ಅಂದೆ. ಅಷ್ಟು ಜನರ ಮುಂದೆ, ಅವರ ಮಾಂಸ ಬಾಯಲ್ಲಿಟ್ಕೊಂಡು, ನೀವು ಅಗೆಸಿದ್ದು ಸರಿಯಿಲ್ಲ ಅಂತ ಹೆಂಗೆ ಹೇಳ್ಲಿ? ಕೆಳಗೆ ಬಂದು ತಂತಿ ಹಾಕ್ದೆ. ಚಳಿಗಾಲದಲ್ಲಿ ಊರವರು ಕಾಣದಂಗೆ ಅಗೆಸೋಣ ಅಂತಿದ್ದೆ."

"ಹನ್ನೆರಡನೇ ತಾರೀಖು?"

"ಮಳೆ ಬರ್ತಿತ್ತು. ನಾನು ಒಲೆ ಮುಂದಿದ್ದೆ. ಬಾಯ್ಕೆ ಹಿಂಡನ್ನ ಮಕ್ಕಳ ಜೊತೆ ಮುಂದೆ ಕಳಿಸಿ, ಕಂಬ ನೋಡೋಕೆ ಅಂತ ಒಬ್ರೇ ಇಳಿದು ಬಂದಿದ್ರು. ಅವರು ಬೇಸಗೆಗೆ ಮೇಲಕ್ಕೆ ಹೋಗುವಾಗ ಅಲ್ಲಿನ್ನೂ ಗೂಟವೇ ಇತ್ತಲ್ಲ, ಮೂವತ್ತು ವರ್ಷ ಕಟ್ಟಿದ ಜಾಗ. ಕೈ ತಾನಾಗೇ ಅಲ್ಲಿಗೆ ಹೋಗಿರ್ಬೇಕು. ತಾಲಾಯ್ ಅಂತ ಕರೆದದ್ದು ಕೇಳಿಸ್ತು. ಕುದುರೆ ಕಿರುಚಿತು. ಹೊರಗೆ ಓಡಿ ಬರೋದ್ರೊಳಗೆ ಇಬ್ರೂ ಬಿದ್ದಿದ್ರು. ಬಾಯ್ಕೆ ಕೈಲಿ ಕುದುರೆ ಹಗ್ಗದ ತುದಿಯ ಕಬ್ಬಿಣದ ಸರಪಳಿ ಇತ್ತು."

"ಆಮೇಲೆ?"

"ಗುಡುಗ್ತಾ ಇತ್ತು. ಸಿಡಿಲು ಅಂದ್ರೆ ಯಾರೂ ಏನೂ ಕೇಳಲ್ಲ ಅನ್ನಿಸ್ತು. ಟ್ರೆಂಚು ತೆರೆಯೋದೂ ಬೇಕಾಗಲ್ಲ ಅಂತ ತಂತಿ ಕಿತ್ತು, ಬಾಯ್ಕೆನ ಟ್ರಾಕ್ಟರಲ್ಲಿ ಹಾಕ್ಕೊಂಡು, ಕುದುರೆನ ಎಳ್ಕೊಂಡು ಗುಡ್ಡ ಹತ್ತಿಸಿದೆ."

"ಸಾಲ ತೀರಿಹೋಗುತ್ತೆ ಅಂತಲೂ ಅನ್ನಿಸ್ತಾ?"

ತಾಲಾಯ್ ಮೊದಲ ಬಾರಿಗೆ ತಲೆಯೆತ್ತಿದ. "ಇಲ್ಲ ಸಾಹೇಬ್ರೆ. ಬೇಕಿದ್ರೆ ಹಂಗೇ ಬರಕೊಳ್ಳಿ. ಆದ್ರೆ ಇಲ್ಲ."

ತೊಲೊಮುಶ್ ಇಲ್ಲವೆಂದೇ ಬರೆದ. ಹನ್ನೊಂದೂ ಐವತ್ತಕ್ಕೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದದ್ದು ಮತ್ತು ಸಾಕ್ಷ್ಯನಾಶದ ಆರೋಪದ ಮೇಲೆ ತಾಲಾಯ್‌ನನ್ನು ಬಂಧಿಸಲಾಯಿತು. ಜೀಪು ಹತ್ತುವಾಗ ಅವನು ಕೇಳಿದ್ದು ಒಂದೇ: ಬಾಯ್ಕೆಯ ಗೋರಿಗೆ ಒಂದು ಹಿಡಿ ಮಣ್ಣು ಹಾಕಿ ಬರಬಹುದೇ ಎಂದು. ತೊಲೊಮುಶ್ ಊರಿನ ಕಡೆಗೆ ನೋಡಿ, ಬೇಡವೆಂದ.

ಸಾಗಿನ್‌ಬೇಕನನ್ನು ಅಂದು ಮಧ್ಯಾಹ್ನ ಮಣ್ಣು ಮಾಡಿದರು. ಬಾರದೆ ಉಳಿದವರು ಯಾರೂ ಇರಲಿಲ್ಲ. ಆಕಾಶದ ಮಾತನ್ನು ಯಾರೂ ಎತ್ತಲಿಲ್ಲ. ಬೂಸಾರಾಳ ಪಕ್ಕದಲ್ಲಿ ಕೂರಲು ಹೆಂಗಸರು ಬಂದರು, ಅವಳು ಸರಿದು ಜಾಗ ಮಾಡಿಕೊಟ್ಟಳು.

ಏಳನೇ ದಿನದ ಊಟದ ಮರುದಿನ ಒಸ್ಮೊನಾಲಿ ಇಬ್ಬರು ಹಿರಿಯರೊಂದಿಗೆ ಬೂಸಾರಾಳ ಮನೆಗೆ ಬಂದ. ಹೇಳಿಕೆಗೆ ಸಹಿ ಹಾಕಿಸಿಕೊಳ್ಳಲು ಬಂದಿದ್ದ ತೊಲೊಮುಶ್ ಅಲ್ಲೇ ಇದ್ದ. ಅಂಗಳದಲ್ಲಿ ಜಿಪಾರ್ ಒಂದು ಕಪ್ಪು ಹೆಣ್ಣು ಕುದುರೆಯ ಹಗ್ಗ ಹಿಡಿದು ನಿಂತಿದ್ದಳು.

"ನಿಧಿಯವರು ದುಡ್ಡು ಕೊಡಲ್ಲ ಅಂದ್ರಂತೆ, ಕಂಬನೂ ಕಿತ್ಕೊಂಡು ಹೋಗ್ತಾರಂತೆ," ಎಂದ ಒಸ್ಮೊನಾಲಿ. "ಆದ್ರೂ ನಾವು ಇದೀವಿ ಮಗಳೇ. ಮನೆಗೊಂದರಂತೆ ಹಾಕಿ ಒಂಬತ್ತನ್ನೂ ತುಂಬಿಕೊಡ್ತೀವಿ. ಮೊದಲನೇದು ಇದು, ತಾಲಾಯ್ ಮನೇದು. ತಗೊಂಡು, ನನಗೇನೂ ತಕರಾರಿಲ್ಲ ಅಂತ ಒಂದು ಮಾತು ಬರೆದುಕೊಡು. ಶಿಕ್ಷೆ ಕಮ್ಮಿಯಾಗ್ತದೆ. ಅವನಿಗೂ ಸಣ್ಣ ಮಕ್ಕಳಿದಾರೆ."

ಬೂಸಾರಾ ತೊಲೊಮುಶ್‌ನನ್ನು ಕೇಳಿದಳು. "ಕುದುರೆ ತಗೊಂಡ್ರೆ ಕಾಗದದಲ್ಲಿ ಏನಂತ ಬರೀತೀರಿ?"

"ರಾಜಿ ಆಯ್ತು ಅಂತ."

"ಊರಲ್ಲಿ ಏನಂತಾರೆ?"

ಒಸ್ಮೊನಾಲಿ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ಮುಗೀತು ಅಂತಾರೆ," ಎಂದಳು ಬೂಸಾರಾ. "ಇನ್ನೆರಡು ವರ್ಷಕ್ಕೆ ಏನಾಗಿತ್ತು ಅಂತ ಮರೀತಾರೆ. ಹತ್ತು ವರ್ಷಕ್ಕೆ ಮತ್ತೆ ಸಿಡಿಲು ಅಂತಾರೆ. ಬೇಡ ಅಕ್ಸಕಾಲ್. ಅವನ ಶಿಕ್ಷೆ ಜಾಸ್ತಿ ಆಗ್ಲಿ ಅಂತ ನಾನು ಕೇಳಲ್ಲ. ನ್ಯಾಯಾಧೀಶರು ಕೊಟ್ಟಷ್ಟು ಕೊಡ್ಲಿ. ಸಾಲ ಮಾತ್ರ ಸಾಲವಾಗೇ ಇರ್ಲಿ."

ಆಕೆ ಅಂಗಳಕ್ಕೆ ಇಳಿದಳು. ಜಿಪಾರ್ ಹಗ್ಗ ಚಾಚಿದಳು. ಬೂಸಾರಾ ಅದನ್ನು ಹಿಡಿಯದೆ, ಬಾವಿಯಿಂದ ಒಂದು ಬಕೆಟ್ ನೀರು ಸೇದಿ ಕುದುರೆಯ ಮುಂದಿಟ್ಟಳು. ದೂರದಿಂದ ನಡೆದು ಬಂದ ಪ್ರಾಣಿ ಒಂದೇ ಸಮನೆ ಕುಡಿಯಿತು. ಇಬ್ಬರು ಹೆಂಗಸರೂ ಬಕೆಟ್ ಬರಿದಾಗುವ ತನಕ ನೋಡುತ್ತ ನಿಂತರು.

"ಹಾಲು ಕೊಡೋ ಕುದುರೆ ಕಣೇ ಇದು," ಎಂದಳು ಬೂಸಾರಾ. "ನಿನ್ನ ಮಕ್ಕಳಿಗೆ ಬೇಕಾಗ್ತದೆ. ಹೊಡ್ಕೊಂಡು ಹೋಗು."